ಆರ್ಕ್ಟಿಕ್ ಮಂಜುಗಡ್ಡೆಯ ಲೆಕ್ಕ ಕೊಡುವ ಉಚಿತ ಸೇವೆಗಳು: ಯಾವುದು ಯಾವುದಕ್ಕೆ ಒಳ್ಳೆಯದು

ಮೊದಲೇ ಹೇಳಿಬಿಡುತ್ತೇನೆ. ಆರ್ಕ್ಟಿಕ್ ಸಮುದ್ರದಲ್ಲಿ ಮಂಜುಗಡ್ಡೆ ಎಷ್ಟಿದೆ ಅಂತ ದಿನಾ ಲೆಕ್ಕ ಕೊಡುವ ಸೇವೆಗಳಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಹೇಳುವುದು ಅಮೆರಿಕದ ಎನ್‌ಎಸ್‌ಐಡಿಸಿಯ ಸೀ ಐಸ್ ಇಂಡೆಕ್ಸ್. ಅದು ಎಲ್ಲಕ್ಕಿಂತ ಸೂಕ್ಷ್ಮವಾದ ಅಳತೆ ಅಲ್ಲ. ನೋಡಲು ಎಲ್ಲಕ್ಕಿಂತ ಚೆಂದವೂ ಅಲ್ಲ. 1978ರ ಅಕ್ಟೋಬರ್ ಕೊನೆಯಿಂದ ಇವತ್ತಿನವರೆಗೂ ಆದಷ್ಟು ಒಂದೇ ಕ್ರಮದಲ್ಲಿ ಎಣಿಸುತ್ತಾ ಬಂದಿದ್ದಾರೆ, ಅದಕ್ಕೇ ಈ ಆಯ್ಕೆ. ಆದರೆ ಮಂಜುಗಡ್ಡೆಯ ದಪ್ಪದ ವಿಷಯಕ್ಕೆ ಬಂದರೆ ಹೀಗೆ ಒಂದೇ ಹೆಸರು ಹೇಳಲು ಆಗುವುದಿಲ್ಲ. ಅಲ್ಲಿ ಎರಡು ಮೂರು ಸೇವೆಗಳನ್ನು ಒಟ್ಟಿಗೆ ತೆರೆದಿಟ್ಟುಕೊಂಡು ಓದಬೇಕು, ಅವು ಒಂದಕ್ಕೊಂದು ಯಾಕೆ ಹೊಂದುವುದಿಲ್ಲ ಅನ್ನುವುದೂ ಗೊತ್ತಿರಬೇಕು.

ಇಷ್ಟು ಉದ್ದ ಬರೆಯುವುದಕ್ಕೆ ಕಾರಣ ಇದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಆರ್ಕ್ಟಿಕ್ ಮಂಜುಗಡ್ಡೆ ವರ್ಷದ ಕನಿಷ್ಠ ಮಟ್ಟಕ್ಕೆ ಇಳಿಯುತ್ತದೆ, ಆಗ ವಾಟ್ಸಾಪ್‌ನಲ್ಲಿ ಎರಡು ತರಹದ ಸಂದೇಶ ಓಡಾಡುತ್ತವೆ. ಒಂದು, ಎಲ್ಲ ಮುಗಿಯಿತು, ಇನ್ನೇನು ಉಳಿದಿಲ್ಲ. ಇನ್ನೊಂದು, ವಿಜ್ಞಾನಿಗಳು ಸುಳ್ಳು ಹೇಳುತ್ತಿದ್ದಾರೆ, ನೋಡಿ ಮಂಜುಗಡ್ಡೆ ಜಾಸ್ತಿ ಆಗಿದೆ. ಎರಡರಲ್ಲೂ ಅಂಕಿ ಇರುತ್ತದೆ. ಬಹಳ ಸಲ ಆ ಅಂಕಿ ಸುಳ್ಳೂ ಅಲ್ಲ. ಒಂದು ಸೇವೆಯ ಅಂಕಿಯನ್ನು ಇನ್ನೊಂದು ಸೇವೆಯ ಅಂಕಿಯ ಪಕ್ಕ ಇಟ್ಟಿರುತ್ತಾರೆ, ಅಷ್ಟೇ. ಜನ ದಾರಿ ತಪ್ಪುವುದು ಅಲ್ಲಿ.

ಎನ್‌ಎಸ್‌ಐಡಿಸಿ ಅಂದರೆ ಕೊಲೊರಾಡೊ ವಿಶ್ವವಿದ್ಯಾಲಯದ ಜೊತೆಗಿರುವ ರಾಷ್ಟ್ರೀಯ ಹಿಮ ಮತ್ತು ಮಂಜುಗಡ್ಡೆ ದತ್ತಾಂಶ ಕೇಂದ್ರ. ಊರು ಬೋಲ್ಡರ್. ಇವರ ಚಾರ್ಕ್ಟಿಕ್ ಅನ್ನುವ ಗ್ರಾಫ್ ತೆರೆದರೆ ಜನವರಿಯಿಂದ ಡಿಸೆಂಬರ್‌ವರೆಗೆ ಒಂದು ಗೆರೆ ಬರುತ್ತದೆ. ಬೇಕಾದ ವರ್ಷ ಒತ್ತಿದರೆ ಆ ವರ್ಷದ ಗೆರೆ ಸೇರಿಕೊಳ್ಳುತ್ತದೆ. ಹಿಂದೆ ಬೂದು ಬಣ್ಣದ ಪಟ್ಟಿ, ಅದು 1981ರಿಂದ 2010ರವರೆಗಿನ ಸಾಮಾನ್ಯ ಏರಿಳಿತ. ಹೈಸ್ಕೂಲ್ ಮಕ್ಕಳಿಗೂ ಅರ್ಥವಾಗುವ ಹಾಗಿದೆ. ನಕ್ಷೆಯಲ್ಲಿ ಒಂದು ಕಿತ್ತಳೆ ಗೆರೆ ಇರುತ್ತದೆ. ಆ 30 ವರ್ಷಗಳಲ್ಲಿ ಆ ದಿನಕ್ಕೆ ಮಂಜುಗಡ್ಡೆಯ ಅಂಚು ಮಾಮೂಲಾಗಿ ಎಲ್ಲಿರುತ್ತಿತ್ತು ಅಂತ ಅದು ತೋರಿಸುತ್ತದೆ. ಕಿತ್ತಳೆ ಗೆರೆಗೂ ಬಿಳಿ ಭಾಗಕ್ಕೂ ನಡುವೆ ಇರುವ ನೀಲಿ ನೋಡಿದರೆ ಸಾಕು, ಮಾತು ಬೇಕಾಗುವುದಿಲ್ಲ.

ಆದರೆ ಆ ಗೆರೆ ಏನನ್ನು ಎಣಿಸುತ್ತದೆ ಅಂತ ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಗ್ರಾಫ್ ನೋಡಿಯೂ ಪ್ರಯೋಜನವಿಲ್ಲ. ಸಮುದ್ರವನ್ನು 25 ಕಿಲೋಮೀಟರ್ ಉದ್ದ, 25 ಕಿಲೋಮೀಟರ್ ಅಗಲದ ಚೌಕಗಳಾಗಿ ಮಾಡಿಕೊಂಡಿದ್ದಾರೆ. ಸಮುದ್ರದಿಂದ ತಾನಾಗಿ ಹೊರಡುವ ಮೈಕ್ರೋವೇವ್ ವಿಕಿರಣವನ್ನು ಉಪಗ್ರಹ ಗ್ರಹಿಸುತ್ತದೆ. ನೀರಿನಿಂದ ಬರುವುದು ಬೇರೆ, ಮಂಜುಗಡ್ಡೆಯಿಂದ ಬರುವುದು ಬೇರೆ. ಮೋಡ ಇದ್ದರೂ ಕಾಣುತ್ತದೆ, ಧ್ರುವದ ಆರು ತಿಂಗಳ ಕತ್ತಲಲ್ಲೂ ಕಾಣುತ್ತದೆ. ಈ ಕೆಲಸಕ್ಕೆ ಬೇರೆ ದಾರಿಯೇ ಇಲ್ಲ ಅನ್ನಬಹುದು. ಒಂದು ಚೌಕದಲ್ಲಿ ಶೇಕಡಾ 15ಕ್ಕಿಂತ ಹೆಚ್ಚು ಮಂಜುಗಡ್ಡೆ ಇದೆ ಅಂತ ಲೆಕ್ಕ ಬಂದರೆ ಆ ಇಡೀ ಚೌಕ, ಅಂದರೆ ಸುಮಾರು 625 ಚದರ ಕಿಮೀ, ಮಂಜುಗಡ್ಡೆಯ ಹರವಿಗೆ ಸೇರುತ್ತದೆ. ಶೇಕಡಾ 14 ಇದ್ದರೆ ಸೊನ್ನೆ. ಹಾಗಾಗಿ ಗಾಳಿ ಬೀಸಿ ಚೂರು ಚೂರು ಗಡ್ಡೆಗಳು ಹರಡಿಕೊಂಡರೆ, ಒಂದು ಗ್ರಾಮ್ ನೀರೂ ಹೆಪ್ಪುಗಟ್ಟದೆ ಹರವು ಏರಬಹುದು. ಅದೇ ಗಾಳಿ ತಿರುಗಿ ಎಲ್ಲವನ್ನೂ ಒಟ್ಟಿಗೆ ದೂಡಿದರೆ, ಏನೂ ಕರಗದೆ ಹರವು ಇಳಿಯಬಹುದು. ಆಗಸ್ಟ್‌ನಲ್ಲಿ ಒಂದು ವಾರ ಗೆರೆ ಸ್ವಲ್ಪ ಮೇಲೆ ಹೋಯಿತು ಅಂತ ಸಂಭ್ರಮ ಪಡುವವರು, ಕೆಳಗೆ ಬಂತು ಅಂತ ಗಾಬರಿ ಆಗುವವರು, ಇಬ್ಬರೂ ಇದನ್ನು ನೆನಪಿಡಬೇಕು.

ಹರವಿನ ಬದಲು ಚೌಕದಲ್ಲಿ ಶೇಕಡಾ ಎಷ್ಟಿದೆಯೋ ಅಷ್ಟನ್ನೇ ಕೂಡಿಸಬಹುದಲ್ವಾ? ಕೂಡಿಸುತ್ತಾರೆ. ಅದಕ್ಕೆ ವಿಸ್ತೀರ್ಣ ಅನ್ನುತ್ತಾರೆ, ಆ ಅಂಕಿಯೂ ಅಲ್ಲೇ ಸಿಗುತ್ತದೆ. ಅದು ಯಾವಾಗಲೂ ಹರವಿಗಿಂತ ಕಡಿಮೆ. ಅದರ ತೊಂದರೆ ಬೇಸಿಗೆಯಲ್ಲಿ. ಜೂನ್ ಜುಲೈನಲ್ಲಿ ಮಂಜುಗಡ್ಡೆಯ ಮೇಲೆ ಕರಗಿದ ನೀರು ಹೊಂಡವಾಗಿ ನಿಲ್ಲುತ್ತದೆ. ಕೆಳಗೆ ಒಂದೂವರೆ ಮೀಟರ್ ಗಟ್ಟಿ ಮಂಜುಗಡ್ಡೆ ಇದ್ದರೂ ಉಪಗ್ರಹಕ್ಕೆ ಕಾಣುವುದು ಮೇಲಿನ ನೀರು. ಅದನ್ನು ತೆರೆದ ಸಮುದ್ರ ಅಂತಲೇ ಎಣಿಸುತ್ತದೆ. ಆಗ ವಿಸ್ತೀರ್ಣ ಇದ್ದದ್ದಕ್ಕಿಂತ ಬಹಳ ಕಡಿಮೆ ಬರುತ್ತದೆ. ಶೇಕಡಾ 15ರ ನಿಯಮ ಒರಟು ಅನ್ನಿಸಿದರೂ ಈ ಮೋಸವನ್ನು ಬಹುಮಟ್ಟಿಗೆ ತಡೆಯುತ್ತದೆ, ಯಾಕೆಂದರೆ ಅರ್ಧ ಚೌಕ ಹೊಂಡಗಳಿಂದ ತುಂಬಿದ್ದರೂ ಉಳಿದರ್ಧ ಮಂಜುಗಡ್ಡೆ ಅಂತ ಕಂಡರೆ ಚೌಕ ಲೆಕ್ಕದಲ್ಲಿ ಉಳಿಯುತ್ತದೆ. ಹರವನ್ನೇ ಮುಖ್ಯ ಅಂಕಿಯಾಗಿ ಇಟ್ಟುಕೊಂಡದ್ದು ಸರಿಯಾದ ತೀರ್ಮಾನ ಅಂತ ನನ್ನ ಅಭಿಪ್ರಾಯ.

ಇನ್ನು ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ. ಇವರ ಉಪಗ್ರಹ ಶಿಜುಕು 2012ರ ಮೇ ತಿಂಗಳಲ್ಲಿ ಹಾರಿತು. ಅದರಲ್ಲಿರುವ ಎಎಂಎಸ್‌ಆರ್-2 ಉಪಕರಣದ ಆಂಟೆನಾ ಎರಡು ಮೀಟರ್ ಅಗಲ. ಎನ್‌ಎಸ್‌ಐಡಿಸಿ ಬಳಸುತ್ತಾ ಬಂದ ಅಮೆರಿಕದ ಸೇನಾ ಹವಾಮಾನ ಉಪಗ್ರಹಗಳ ಉಪಕರಣಕ್ಕಿಂತ ಬಹಳ ದೊಡ್ಡದು. ಹಾಗಾಗಿ ಮಂಜುಗಡ್ಡೆಯ ಅಂಚನ್ನು ಹೆಚ್ಚು ಸ್ಪಷ್ಟವಾಗಿ ನೋಡುತ್ತದೆ, ಕರಾವಳಿಯ ನೆಲವನ್ನು ಮಂಜುಗಡ್ಡೆ ಅಂತ ತಪ್ಪಾಗಿ ತಿಳಿಯುವುದೂ ಕಡಿಮೆ. ದಿನದ ಅಂಕಿ ಬೇಗ ಬರುತ್ತದೆ. ಎನ್‌ಎಸ್‌ಐಡಿಸಿಯ ಗೆರೆ ಐದು ದಿನದ ಸರಾಸರಿ, ಹಾಗಾಗಿ ನಿಧಾನವಾಗಿ ತಿರುಗುತ್ತದೆ. ಸೆಪ್ಟೆಂಬರ್ ಎರಡನೇ ವಾರದಲ್ಲಿ ಕನಿಷ್ಠ ಮುಟ್ಟಿತೋ ಇಲ್ಲವೋ ಅಂತ ದಿನಾ ಕಾಯುವವರಿಗೆ ಜಾಕ್ಸಾ ಹೆಚ್ಚು ಇಷ್ಟವಾಗುತ್ತದೆ.

ಇಬ್ಬರ ಅಂಕಿ ಹೊಂದುತ್ತದಾ? ಇಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ, ಜಗಳದ ಮೂಲ ಇಲ್ಲೇ ಇದೆ. ದಾಖಲೆಯ ಕನಿಷ್ಠ ವರ್ಷ 2012. ಎನ್‌ಎಸ್‌ಐಡಿಸಿ ಆಗ ಹೇಳಿದ್ದು 34.1 ಲಕ್ಷ ಚದರ ಕಿಮೀ, ಆಮೇಲೆ ಲೆಕ್ಕ ಪರಿಷ್ಕರಿಸಿದಾಗ 33.9 ಲಕ್ಷ ಆಯಿತು. ಜಾಕ್ಸಾ ಲೆಕ್ಕದಲ್ಲಿ ಅದೇ ವರ್ಷ 31.8 ಲಕ್ಷ. ಎರಡನೇ ಕನಿಷ್ಠ 2020. ಎನ್‌ಎಸ್‌ಐಡಿಸಿ ಆಗ ಪ್ರಕಟಿಸಿದ್ದು 37.4 ಲಕ್ಷ, ಜಾಕ್ಸಾ 35.5 ಲಕ್ಷ. ಈಗ ಎರಡು ವರ್ಷದ ನಡುವೆ ವ್ಯತ್ಯಾಸ ಎಷ್ಟು? ಎನ್‌ಎಸ್‌ಐಡಿಸಿ ಒಳಗೇ ನೋಡಿದರೆ 3.5 ಲಕ್ಷ. ಜಾಕ್ಸಾ ಒಳಗೇ ನೋಡಿದರೆ 3.7 ಲಕ್ಷ. ಹೆಚ್ಚುಕಡಿಮೆ ಒಂದೇ ಮಾತು. ಆದರೆ 2012ಕ್ಕೆ ಎನ್‌ಎಸ್‌ಐಡಿಸಿ, 2020ಕ್ಕೆ ಜಾಕ್ಸಾ ಹಿಡಿದರೆ ಬರೀ 1.6 ಲಕ್ಷ, ಅಯ್ಯೋ ದಾಖಲೆ ಮುರಿಯುವುದರಲ್ಲಿತ್ತು ಅಂತ ಶೀರ್ಷಿಕೆ ಹಾಕಬಹುದು. ತಿರುಗಿಸಿ ಹಿಡಿದರೆ 5.6 ಲಕ್ಷ, ನೋಡಿ ಮಂಜುಗಡ್ಡೆ ಎಷ್ಟು ಚೇತರಿಸಿಕೊಂಡಿದೆ ಅಂತ ಇನ್ನೊಬ್ಬರು ಬರೆಯಬಹುದು. ನಾಲ್ಕೂ ಅಂಕಿ ಸರಿ. ಎರಡೂ ಶೀರ್ಷಿಕೆ ತಪ್ಪು.

ಇಬ್ಬರೂ ಶೇಕಡಾ 15ರ ಗಡಿಯನ್ನೇ ಬಳಸುತ್ತಾರೆ. ಆದರೆ ಉಪಕರಣ ಬೇರೆ, ಲೆಕ್ಕ ಮಾಡುವ ಸೂತ್ರ ಬೇರೆ, ಕರಾವಳಿಯ ಚೌಕಗಳನ್ನು ಬಿಡಿಸುವ ಕ್ರಮ ಬೇರೆ, ಎಷ್ಟು ದಿನದ ಸರಾಸರಿ ಅನ್ನುವುದೂ ಬೇರೆ. ಸೂತ್ರದ ವಿಷಯದಲ್ಲಿ ನಾಸಾ ಒಳಗೇ ಎರಡು ಪಂಗಡ ಇದ್ದವು ಅನ್ನಬಹುದು, ನಾಸಾ ಟೀಮ್ ಅಂತ ಒಂದು, ಬೂಟ್‌ಸ್ಟ್ರಾಪ್ ಅಂತ ಇನ್ನೊಂದು. ಒಂದೇ ಉಪಗ್ರಹದ ಒಂದೇ ದಿನದ ಮಾಹಿತಿ ಕೊಟ್ಟರೂ ಎರಡೂ ಬೇರೆ ಅಂಕಿ ಕೊಡುತ್ತವೆ. ಆದರೆ ವರ್ಷದಿಂದ ವರ್ಷಕ್ಕೆ ಏರಿದ್ದು ಇಳಿದದ್ದನ್ನು ಎರಡೂ ಒಂದೇ ತರಹ ಹೇಳುತ್ತವೆ. ಮಟ್ಟದಲ್ಲಿ ಜಗಳ ಇದೆ, ದಿಕ್ಕಿನಲ್ಲಿ ಇಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಪ್ರತಿ ಗ್ರಾಫ್‌ನ ಕೆಳಗೂ ಹಾಕಬೇಕು ಅಂತ ನನ್ನ ಆಸೆ.

ಎನ್‌ಎಸ್‌ಐಡಿಸಿಯನ್ನು ನಾನು ನಂಬುವುದಕ್ಕೆ ಇನ್ನೊಂದು ಕಾರಣ, ಕೆಟ್ಟಾಗ ಕೆಟ್ಟಿದೆ ಅಂತ ಹೇಳುತ್ತಾರೆ. 2009ರ ಜನವರಿಯಲ್ಲಿ ಅವರು ಬಳಸುತ್ತಿದ್ದ ಉಪಗ್ರಹದ ಉಪಕರಣ ನಿಧಾನವಾಗಿ ದಾರಿ ತಪ್ಪಲು ಶುರುವಾಯಿತು. ಫೆಬ್ರವರಿ ಮಧ್ಯದ ಹೊತ್ತಿಗೆ ಗೆರೆ ನಿಜಕ್ಕಿಂತ ಸುಮಾರು 5 ಲಕ್ಷ ಚದರ ಕಿಮೀ ಕೆಳಗಿತ್ತು. ನಮ್ಮ ಕರ್ನಾಟಕದಂಥ ಎರಡೂವರೆ ರಾಜ್ಯ ನಕ್ಷೆಯಿಂದ ಕಾಣೆಯಾದ ಹಾಗೆ. ಗ್ರಾಫ್ ನೋಡುತ್ತಿದ್ದ ಓದುಗರೇ ಇದೇನು ಅಂತ ಪತ್ರ ಬರೆದರು. ಕೇಂದ್ರದವರು ತಪ್ಪು ಒಪ್ಪಿಕೊಂಡರು, ಬೇರೆ ಉಪಗ್ರಹಕ್ಕೆ ಬದಲಾಯಿಸಿದರು, ಹಳೆಯ ವಾರಗಳ ಲೆಕ್ಕವನ್ನೂ ತಿದ್ದಿದರು. 2016ರ ಏಪ್ರಿಲ್‌ನಲ್ಲಿ, ಆಗ ಬಳಸುತ್ತಿದ್ದ ಎಫ್-17 ಉಪಗ್ರಹದ ಒಂದು ಚಾನೆಲ್ ಕೆಟ್ಟಿತು. ಆಗ ಸುಮ್ನೆ ಏನೋ ಒಂದು ಅಂಕಿ ಹಾಕುತ್ತಾ ಹೋಗಲಿಲ್ಲ, ಸೇವೆಯನ್ನೇ ನಿಲ್ಲಿಸಿ, ಎಫ್-18ಕ್ಕೆ ಹೋಗಿ, ಎರಡನ್ನೂ ತಾಳೆ ನೋಡಿ ಮತ್ತೆ ಶುರು ಮಾಡಿದರು. ಬೈಯುವವರು ಇವತ್ತಿಗೂ ಈ ಎರಡು ಘಟನೆ ಹಿಡಿದುಕೊಂಡು ಬೈಯುತ್ತಾರೆ. ನನಗೆ ಇದು ಅವರ ಗುಣವಾಗಿಯೇ ಕಾಣುತ್ತದೆ.

ನನ್ನ ಚಿಂತೆ ಬೇರೆ. ಈ ಇಡೀ ದಾಖಲೆ ನಿಂತಿರುವುದು ಹಳೆಯ ಉಪಗ್ರಹ ಸಾಯುವ ಮೊದಲು ಹೊಸದು ಬಂದು, ಇಬ್ಬರೂ ಕೆಲವು ಕಾಲ ಒಟ್ಟಿಗೆ ನೋಡಿ, ಅಳತೆ ಹೊಂದಿಸಿಕೊಳ್ಳುವುದರ ಮೇಲೆ. 1978ರ ನಿಂಬಸ್-7ರಿಂದ ಹೀಗೆ ಕೈಯಿಂದ ಕೈಗೆ ಬಂದಿದೆ. 2025ರ ಜೂನ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಈ ಉಪಗ್ರಹಗಳ ಮಾಹಿತಿ ತಿಂಗಳ ಕೊನೆಗೆ ನಿಲ್ಲುತ್ತದೆ ಅಂತ ಹೇಳಿತು, ಆಮೇಲೆ ಒಂದು ತಿಂಗಳು ಮುಂದೂಡಿತು, ಆಮೇಲೆ 2026ರ ಸೆಪ್ಟೆಂಬರ್‌ವರೆಗೆ ಕೊಡುತ್ತೇವೆ ಅಂದಿತು. ಉಪಗ್ರಹ ಕೆಟ್ಟಿರಲಿಲ್ಲ! 45 ವರ್ಷ ಮೀರಿದ ದಾಖಲೆಯನ್ನು ಕೆಲವೇ ದಿನದ ನೋಟಿಸ್ ಕೊಟ್ಟು ಕತ್ತರಿಸಲು ಹೊರಟದ್ದು ನೋಡಿ ನನಗೆ ನಿಜವಾಗಿ ಸಿಟ್ಟು ಬಂತು. ಎನ್‌ಎಸ್‌ಐಡಿಸಿ ಈಗ ಜಪಾನಿನ ಎಎಂಎಸ್‌ಆರ್-2 ಕಡೆ ತಿರುಗಿದೆ. ಅದೂ 2012ರದ್ದು, ವಯಸ್ಸಾಗಿದೆ. ಅದರ ಮುಂದಿನ ಪೀಳಿಗೆಯ ಎಎಂಎಸ್‌ಆರ್-3 ಹೊತ್ತ ಉಪಗ್ರಹವನ್ನು ಜಪಾನ್ 2025ರ ಜೂನ್ ಕೊನೆಯಲ್ಲಿ ಹಾರಿಸಿತು ಅನ್ನುವುದು ದೊಡ್ಡ ಸಮಾಧಾನ.

ಉಳಿದವರ ಬಗ್ಗೆ ಬೇಗ ಹೇಳುತ್ತೇನೆ. ಜರ್ಮನಿಯ ಬ್ರೆಮೆನ್ ವಿಶ್ವವಿದ್ಯಾಲಯದ ನಕ್ಷೆಗಳು ನೋಡಲು ಅತ್ಯುತ್ತಮ. 89 ಗಿಗಾಹರ್ಟ್ಸ್ ಆವರ್ತನದ ಮೈಕ್ರೋವೇವ್ ಬಳಸುವುದರಿಂದ 6.25 ಕಿಮೀ ಚೌಕದವರೆಗೆ ಇಳಿಯುತ್ತಾರೆ, ಗಡ್ಡೆಗಳ ನಡುವಿನ ಬಿರುಕೂ ಕಾಣುತ್ತದೆ. ಆದರೆ ಆ ಆವರ್ತನಕ್ಕೆ ಮೋಡ, ತೇವಾಂಶ ಅಡ್ಡ ಬರುತ್ತವೆ, ಹಾಗಾಗಿ ಒಂದು ದಿನದ ನಕ್ಷೆ ನೋಡಿ ತೀರ್ಪು ಕೊಡಬೇಡಿ. ಡೆನ್ಮಾರ್ಕ್‌ನ ಹವಾಮಾನ ಸಂಸ್ಥೆ ಹಿಂದೆ ಶೇಕಡಾ 30ರ ಗಡಿ ಇಟ್ಟು, ಕರಾವಳಿ ಚೌಕ ಬಿಟ್ಟು ಒಂದು ಗ್ರಾಫ್ ಹಾಕುತ್ತಿತ್ತು. ಆಮೇಲೆ ಶೇಕಡಾ 15ಕ್ಕೆ ಬಂದರು. ಹಳೆಯ ಗ್ರಾಫ್‌ನ ಚಿತ್ರವನ್ನು ಹೊಸದರ ಪಕ್ಕ ಇಟ್ಟು ಮೋಸ ನಡೆದಿದೆ ಅನ್ನುವ ಪೋಸ್ಟ್‌ಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಗಡಿ ಬದಲಾದರೆ ಗೆರೆಯೂ ಬದಲಾಗಲೇಬೇಕಲ್ವಾ?

ಮೇಸಿ ಅನ್ನುವ ಸೇವೆಯ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಇದು ಅಮೆರಿಕದ ರಾಷ್ಟ್ರೀಯ ಐಸ್ ಸೆಂಟರ್‌ನ ಲೆಕ್ಕ, 4 ಕಿಮೀ ಚೌಕ. ಇಲ್ಲಿ ಪರಿಣತರು ಕೂತು, ಸಿಕ್ಕ ಎಲ್ಲ ಚಿತ್ರಗಳನ್ನೂ ನೋಡಿ, ಕೈಯಾರೆ ಅಂಚು ಎಳೆಯುತ್ತಾರೆ. ಹಡಗಿನವರಿಗೆ ಬೇಕಾದದ್ದು ಇದೇ, ಎಲ್ಲೋ ತೆಳ್ಳಗೆ ಹರಡಿದ ಗಡ್ಡೆಯೂ ಅವರಿಗೆ ಗೊತ್ತಾಗಬೇಕು. ಬೇಸಿಗೆಯಲ್ಲಿ ಮೈಕ್ರೋವೇವ್ ಕಣ್ಣಿಗೆ ಬೀಳದ ಗಡ್ಡೆಯನ್ನು ಮನುಷ್ಯ ಹಿಡಿಯುತ್ತಾನೆ. ಹಾಗಾಗಿ ಅಂಕಿ ಸಾಮಾನ್ಯವಾಗಿ ಜಾಸ್ತಿ ಬರುತ್ತದೆ. ಇವತ್ತು ಎಲ್ಲಿ ಮಂಜುಗಡ್ಡೆ ಇದೆ ಅನ್ನುವ ಪ್ರಶ್ನೆಗೆ ಇದು ಬಹಳ ಒಳ್ಳೆಯ ಉತ್ತರ. ಹತ್ತು ವರ್ಷದ ಹಿಂದಿಗಿಂತ ಎಷ್ಟು ಕಡಿಮೆಯಾಗಿದೆ ಅನ್ನುವ ಪ್ರಶ್ನೆಗೆ ಅಲ್ಲ, ಯಾಕೆಂದರೆ ಅವರಿಗೆ ಸಿಗುವ ಚಿತ್ರಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಕೂತು ಎಳೆಯುವ ಜನರೂ ಬದಲಾಗುತ್ತಾರೆ. ಪ್ರವೃತ್ತಿ ನೋಡಲು ಇದನ್ನು ಬಳಸಬೇಡಿ ಅಂತ ಅವರೇ ಬರೆದಿದ್ದಾರೆ. ಆದರೂ ಬಳಸುತ್ತಾರೆ.

ಒಂದು ಎಚ್ಚರಿಕೆ. ನಕ್ಷೆಯ ಚಿತ್ರ ಇಳಿಸಿಕೊಂಡು ಬಿಳಿ ಚುಕ್ಕೆ ಎಣಿಸಿ ಲೆಕ್ಕ ಹಾಕಬೇಡಿ. ಧ್ರುವದ ನಕ್ಷೆಯಲ್ಲಿ ಪ್ರತಿ ಚುಕ್ಕೆಯೂ ಒಂದೇ ವಿಸ್ತೀರ್ಣ ಅಲ್ಲ, ಧ್ರುವದಿಂದ ದೂರ ಹೋದಂತೆ ಬದಲಾಗುತ್ತದೆ. 2008ರಲ್ಲಿ ಬ್ರಿಟನ್ನಿನ ಒಂದು ಸುದ್ದಿತಾಣದಲ್ಲಿ ಹೀಗೆ ಚುಕ್ಕೆ ಎಣಿಸಿ ಎನ್‌ಎಸ್‌ಐಡಿಸಿ ತಪ್ಪು ಹೇಳುತ್ತಿದೆ ಅಂತ ದೊಡ್ಡ ಲೇಖನ ಬಂತು. ಕೆಲವೇ ದಿನದಲ್ಲಿ ಬರೆದವರೇ ಹಿಂದೆ ಸರಿಯಬೇಕಾಯಿತು.

ಇನ್ನು ದಪ್ಪ. ನನಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಇರುವ ಭಾಗ ಇದು, ಸೇವೆಗಳು ಅತ್ಯಂತ ಕಷ್ಟಪಡುವ ಭಾಗವೂ ಇದೇ.

ಹರವು ನೋಡಿದರೆ ಅರ್ಧ ಕತೆ ಮಾತ್ರ ಗೊತ್ತಾಗುತ್ತದೆ. ಮೂರು ಮೀಟರ್ ದಪ್ಪದ ಗಡ್ಡೆ ಒಂದು ಮೀಟರ್‌ಗೆ ಇಳಿದರೂ ಮೇಲಿನಿಂದ ಅಷ್ಟೇ ಬಿಳಿ. ಹಳೆಯ ದಪ್ಪದ ಲೆಕ್ಕ ನಮಗೆ ಸಿಕ್ಕಿದ್ದು ನೌಕಾಪಡೆಯಿಂದ. 1958ರಲ್ಲಿ ನಾಟಿಲಸ್ ಜಲಾಂತರ್ಗಾಮಿ ಉತ್ತರ ಧ್ರುವದ ಕೆಳಗೆ ಹಾದು ಹೋಯಿತು. ಆಮೇಲೆ ಶೀತಲ ಸಮರದ ಉದ್ದಕ್ಕೂ ಹೋದ ಜಲಾಂತರ್ಗಾಮಿಗಳು ಮೇಲ್ಮುಖ ಸೋನಾರ್‌ನಿಂದ ಗಡ್ಡೆ ಎಷ್ಟು ಕೆಳಗೆ ಇಳಿದಿದೆ ಅಂತ ಅಳೆಯುತ್ತಿದ್ದವು, ತಲೆ ಎತ್ತುವಾಗ ಡಿಕ್ಕಿ ಹೊಡೆಯಬಾರದಲ್ಲ. ಆ ಗುಪ್ತ ದಾಖಲೆ ಬಿಡುಗಡೆಯಾದ ಮೇಲೆ 1999ರಲ್ಲಿ ರಾತ್‌ರಾಕ್ ಮತ್ತು ಸಂಗಡಿಗರು ಒಂದು ಲೆಕ್ಕ ಕೊಟ್ಟರು. 1958–76ರ ನಡುವೆ ನೀರಿನೊಳಗಿನ ಭಾಗ ಸರಾಸರಿ 3.1 ಮೀಟರ್ ಇದ್ದದ್ದು 1990ರ ದಶಕಕ್ಕೆ 1.8 ಮೀಟರ್ ಆಗಿದೆ, ಅಂದರೆ ಶೇಕಡಾ 40ರಷ್ಟು ಇಳಿದಿದೆ. ದೊಡ್ಡ ಸುದ್ದಿ. 2002ರಲ್ಲಿ ಹಾಲೊವೇ ಮತ್ತು ಸೌ ತಕರಾರು ತೆಗೆದರು. ಗಾಳಿಯ ದಿಕ್ಕು ಬದಲಾಗಿ ದಪ್ಪ ಗಡ್ಡೆ ಕೆನಡಾ ಕಡೆಗೆ ಸರಿದಿರಬಹುದು, ಜಲಾಂತರ್ಗಾಮಿ ಹೋದ ದಾರಿಯಲ್ಲಿ ಅದು ಸಿಗಲಿಲ್ಲ, ಅಷ್ಟೊಂದು ಕರಗಿರಲಿಕ್ಕಿಲ್ಲ ಅಂದರು. ಒಳ್ಳೆಯ ಪ್ರಶ್ನೆ! ಕೆಲವೇ ಸಾಲಿನಲ್ಲಿ ಅಳೆದು ಇಡೀ ಸಮುದ್ರದ ಬಗ್ಗೆ ಮಾತಾಡಿದರೆ ಈ ಪ್ರಶ್ನೆ ಬರಲೇಬೇಕು. 2009ರಲ್ಲಿ ಜಲಾಂತರ್ಗಾಮಿಯ ದಾಖಲೆಗೆ ಉಪಗ್ರಹದ ಅಳತೆ ಜೋಡಿಸಿದಾಗ ಚಳಿಗಾಲದ ಸರಾಸರಿ ದಪ್ಪ 1980ರಲ್ಲಿ 3.64 ಮೀಟರ್, 2008ರಲ್ಲಿ 1.89 ಮೀಟರ್ ಅಂತ ಬಂತು. ಇಳಿಕೆ ನಿಜವೇ. ಎಷ್ಟು ಬೇಗ ಅನ್ನುವುದರಲ್ಲಿ ಚರ್ಚೆ.

ಉಪಗ್ರಹ ದಪ್ಪವನ್ನು ನೇರವಾಗಿ ಅಳೆಯುವುದಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ತೇಲುವ ಗಡ್ಡೆಯ ಹತ್ತರಲ್ಲಿ ಒಂದು ಭಾಗ ಮಾತ್ರ ನೀರಿನ ಮೇಲೆ ಇರುತ್ತದೆ. ಎರಡು ಮೀಟರ್ ಗಡ್ಡೆಯಾದರೆ ಸುಮಾರು 20 ಸೆಂಟಿಮೀಟರ್, ಮೇಲೆ ಹಿಮದ ಭಾರ ಕೂತರೆ ಇನ್ನೂ ಕಡಿಮೆ. 700 ಕಿಮೀಗಿಂತ ಎತ್ತರದಲ್ಲಿ ಹಾರುತ್ತಾ ಯುರೋಪಿನ ಕ್ರಯೋಸ್ಯಾಟ್-2 ಈ 20 ಸೆಂಟಿಮೀಟರನ್ನು ರೇಡಾರ್‌ನಿಂದ ಅಳೆಯುತ್ತದೆ. ಅಲ್ಲಿ ಒಂದು ಸೆಂಟಿಮೀಟರ್ ತಪ್ಪಾದರೆ ದಪ್ಪದಲ್ಲಿ ಹತ್ತು ಸೆಂಟಿಮೀಟರ್ ತಪ್ಪು. ಇಷ್ಟೇ ಆಗಿದ್ದರೆ ಸಾವಿರಾರು ಅಳತೆಗಳ ಸರಾಸರಿ ತೆಗೆದು ಸರಿಮಾಡಬಹುದಿತ್ತು. ನಿಜವಾದ ತಲೆನೋವು ಗಡ್ಡೆಯ ಮೇಲೆ ಬಿದ್ದ ಹಿಮ.

ನಾಸಾದ ಐಸ್‌ಸ್ಯಾಟ್-2 ಲೇಸರ್ ಬಳಸುತ್ತದೆ. 2018ರಲ್ಲಿ ಹೋದದ್ದು, ಸೆಕೆಂಡಿಗೆ 10,000 ಸಲ ಹಸಿರು ಬೆಳಕು ಬಿಡುತ್ತದೆ. ಲೇಸರ್ ಹಿಮದ ಮೇಲ್ಮೈಯಿಂದ ವಾಪಸ್ ಬರುತ್ತದೆ. ಕ್ರಯೋಸ್ಯಾಟ್‌ನ ರೇಡಾರ್ ಹಿಮದೊಳಗೆ ಇಳಿದು ಗಡ್ಡೆಯ ಮೇಲ್ಮೈಯಿಂದ ವಾಪಸ್ ಬರುತ್ತದೆ ಅಂತ ನಂಬಿಕೆ. ಇಬ್ಬರಿಗೂ ಹಿಮ ಎಷ್ಟಿದೆ ಅಂತ ಗೊತ್ತಿರಬೇಕು. ಈಗ ನಾವು ಅಂದುಕೊಂಡಿದ್ದಕ್ಕಿಂತ ಹತ್ತು ಸೆಂಟಿಮೀಟರ್ ಹೆಚ್ಚು ಹಿಮ ಇದೆ ಅಂತಿಟ್ಟುಕೊಳ್ಳಿ. ಸಾಂದ್ರತೆಗಳನ್ನು ಹಾಕಿ ಲೆಕ್ಕ ಮಾಡಿದರೆ ಲೇಸರ್ ಗಡ್ಡೆಯನ್ನು 60 ಸೆಂಟಿಮೀಟರಿಗೂ ಹೆಚ್ಚು ದಪ್ಪ ಮಾಡಿ ತೋರಿಸುತ್ತದೆ, ರೇಡಾರ್ ಕನಿಷ್ಠ 30 ಸೆಂಟಿಮೀಟರ್ ತೆಳ್ಳಗೆ ಮಾಡಿ ತೋರಿಸುತ್ತದೆ. ಒಂದೇ ಹಿಮ, ಒಂದೇ ತಪ್ಪು, ಎರಡು ಉಪಗ್ರಹಗಳು ವಿರುದ್ಧ ದಿಕ್ಕಿಗೆ ಹೋಗುತ್ತವೆ! ಎರಡೂ ಸಂಸ್ಥೆಗಳ ನಕ್ಷೆ ಅಕ್ಕಪಕ್ಕ ಇಟ್ಟು ಯಾರು ಸುಳ್ಳು ಅಂತ ಕೇಳುವವರು ಇದನ್ನು ಒಮ್ಮೆ ಓದಬೇಕು.

ಹಿಮದ ಆಳ ಎಲ್ಲಿಂದ ತರುತ್ತಾರೆ? ಬಹಳ ಕಾಲ ಬಳಸಿದ್ದು 1999ರಲ್ಲಿ ವಾರೆನ್ ಮತ್ತು ಸಂಗಡಿಗರು ಮಾಡಿದ ಪಟ್ಟಿ. ಅದರ ಆಧಾರ 1954ರಿಂದ 1991ರವರೆಗೆ ತೇಲುವ ಗಡ್ಡೆಗಳ ಮೇಲೆ ಬೀಡುಬಿಟ್ಟಿದ್ದ ಸೋವಿಯತ್ ವಿಜ್ಞಾನಿಗಳ ಅಳತೆ. ಆ ಜನ ಆ ಚಳಿಯಲ್ಲಿ ಕೋಲು ಹಿಡಿದು ಅಳೆದಿದ್ದಾರೆ, ಅವರಿಗೆ ನಮಸ್ಕಾರ ಹೇಳಲೇಬೇಕು. ಆದರೆ ಅದು ಹಲವು ವರ್ಷ ಬದುಕಿದ ಹಳೆಯ ದಪ್ಪ ಗಡ್ಡೆಯ ಕಾಲ. ಈಗ ಬಹುಪಾಲು ಗಡ್ಡೆ ಅದೇ ಚಳಿಗಾಲದಲ್ಲಿ ಹುಟ್ಟಿದ್ದು, ತಡವಾಗಿ ಹೆಪ್ಪುಗಟ್ಟುತ್ತದೆ, ಹಿಮ ಬೀಳುವ ಹೊತ್ತಿಗೆ ಅಲ್ಲಿ ಗಡ್ಡೆಯೇ ಇರುವುದಿಲ್ಲ. ಹೊಸ ಗಡ್ಡೆಯ ಮೇಲೆ ಪಟ್ಟಿಯ ಅರ್ಧ ಅಂತ ಹಿಡಿಯುವ ರೂಢಿ ಆಮೇಲೆ ಬಂತು. 2021ರಲ್ಲಿ ಲಂಡನ್ನಿನ ರಾಬಿ ಮ್ಯಾಲೆಟ್ ಮತ್ತು ಸಂಗಡಿಗರು ಹಳೆಯ ಪಟ್ಟಿ ಬಿಟ್ಟು ವರ್ಷ ವರ್ಷದ ಹಿಮವನ್ನು ಲೆಕ್ಕಕ್ಕೆ ತಂದರು. ಅಂಚಿನ ಕೆಲವು ಸಮುದ್ರಗಳಲ್ಲಿ ಗಡ್ಡೆ ತೆಳ್ಳಗಾಗುವ ವೇಗ ಹಿಂದೆ ಹೇಳಿದ್ದಕ್ಕಿಂತ ಶೇಕಡಾ 60ರಿಂದ 100ರಷ್ಟು ಹೆಚ್ಚು ಅಂತ ಬಂತು. ಅಂದರೆ ಹಳೆಯ ಪಟ್ಟಿ ಇಳಿಕೆಯನ್ನು ಮುಚ್ಚಿಡುತ್ತಿತ್ತು. ಮಂಜುಗಡ್ಡೆ ಕರಗಿದೆ ಅಂತ ತೋರಿಸಲು ವಿಜ್ಞಾನಿಗಳು ಅಂಕಿ ತಿರುಚುತ್ತಾರೆ ಅನ್ನುವವರಿಗೆ ಈ ಉದಾಹರಣೆ ಕೊಡಿ.

ರೇಡಾರ್ ನಿಜಕ್ಕೂ ಹಿಮದ ಬುಡದವರೆಗೆ ಇಳಿಯುತ್ತದಾ ಅನ್ನುವುದೂ ತೀರದ ವಾದ. ಸಂಶೋಧಕ ವಿಷ್ಣು ನಂದನ್ ಮತ್ತು ಸಂಗಡಿಗರು 2017ರಲ್ಲಿ ಒಂದು ವಿಷಯ ಎತ್ತಿ ತೋರಿಸಿದರು. ಹೊಸ ಗಡ್ಡೆಯ ಮೇಲಿನ ಹಿಮದ ಕೆಳಪದರ ಉಪ್ಪುಪ್ಪಾಗಿರುತ್ತದೆ, ರೇಡಾರ್ ಅಲ್ಲಿಂದಲೇ ವಾಪಸ್ ಬರಬಹುದು, ಆಗ ದಪ್ಪವನ್ನು ಶೇಕಡಾ 25ರವರೆಗೂ ಹೆಚ್ಚು ಎಣಿಸುವ ಸಾಧ್ಯತೆ ಇದೆ. ಇಲ್ಲಿ ನಮ್ಮ ಇಸ್ರೋಗೂ ಒಂದು ಪಾಲಿದೆ. ಫ್ರಾನ್ಸ್ ಜೊತೆ ಸೇರಿ 2013ರ ಫೆಬ್ರವರಿಯಲ್ಲಿ ಶ್ರೀಹರಿಕೋಟಾದಿಂದ ಹಾರಿಸಿದ ಸರಳ್ ಉಪಗ್ರಹದ ಆಲ್ಟಿಕಾ ಉಪಕರಣ ಕಾ ಬ್ಯಾಂಡ್ ಅನ್ನುವ ರೇಡಾರ್ ಅಲೆ ಬಳಸುತ್ತದೆ. ಕ್ರಯೋಸ್ಯಾಟ್‌ನ ಕು ಬ್ಯಾಂಡ್‌ನಷ್ಟು ಅದು ಹಿಮದೊಳಗೆ ಇಳಿಯುವುದಿಲ್ಲ. ಎರಡರ ವ್ಯತ್ಯಾಸ ತೆಗೆದು ಹಿಮದ ಆಳ ಅಂದಾಜು ಮಾಡುವ ಕೆಲಸ ಯುರೋಪಿನ ಸಂಶೋಧಕರು ಮಾಡಿದ್ದಾರೆ. ಸರಳ್ 81.5 ಡಿಗ್ರಿಗಿಂತ ಉತ್ತರಕ್ಕೆ ನೋಡುವುದಿಲ್ಲ, ಅದೊಂದು ಕೊರತೆ. ಸಮುದ್ರದ ಮೇಲ್ಮೈ ಎತ್ತರ ಅಳೆಯಲು ಕಳಿಸಿದ ಉಪಗ್ರಹ ಈ ಜಗಳ ಬಿಡಿಸಲು ನೆರವಾಯಿತು ಅನ್ನುವುದು ನಮ್ಮಲ್ಲಿ ಸುದ್ದಿಯೇ ಆಗಲಿಲ್ಲ, ಆಗಬೇಕಿತ್ತು.

ಬಳಸುವವರಿಗೆ ಕ್ರಯೋಸ್ಯಾಟ್‌ನ ಇನ್ನೊಂದು ಮಿತಿ. ಸಾಮಾನ್ಯವಾಗಿ ಸಿಗುವ ದಪ್ಪದ ನಕ್ಷೆ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ. ಬೇಸಿಗೆಯ ನೀರಿನ ಹೊಂಡಗಳು ರೇಡಾರನ್ನೂ ಗೊಂದಲ ಮಾಡುತ್ತವೆ. 2022ರಲ್ಲಿ ಜ್ಯಾಕ್ ಲ್ಯಾಂಡಿ ತಂಡ ಬೇಸಿಗೆಗೂ ಲೆಕ್ಕ ತೆಗೆಯುವ ದಾರಿ ತೋರಿಸಿದ್ದು ದೊಡ್ಡ ಹೆಜ್ಜೆ. ತೀರಾ ತೆಳುವಾದ ಗಡ್ಡೆಗೆ ಯುರೋಪಿನದೇ ಆದ ಸ್ಮಾಸ್ ಉಪಗ್ರಹ ಉತ್ತಮ. ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಕ್ರಯೋಸ್ಯಾಟ್, ಸ್ಮಾಸ್ ಎರಡನ್ನೂ ಬೆರೆಸಿ ವಾರದ ನಕ್ಷೆ ಕೊಡುತ್ತದೆ. ಚಳಿಗಾಲಕ್ಕೆ ನಾನು ಮೊದಲು ತೆರೆಯುವುದು ಅದನ್ನೇ.

ಇಡೀ ವರ್ಷಕ್ಕೆ, 1979ರಿಂದ ಇಲ್ಲಿಯವರೆಗೆ ಬೇಕು ಅಂದರೆ ಉಳಿಯುವುದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಪಯೋಮಾಸ್. ಇದು ಅಳತೆ ಅಲ್ಲ, ಮಾದರಿ. ಗಾಳಿ, ಉಷ್ಣತೆ, ಮಂಜುಗಡ್ಡೆಯ ಹರಡುವಿಕೆ, ಸಮುದ್ರದ ಮೇಲ್ಮೈ ಬಿಸಿ ಎಲ್ಲ ಕೊಟ್ಟರೆ ಮಂಜುಗಡ್ಡೆಯ ಒಟ್ಟು ಗಾತ್ರ, ಅಂದರೆ ಎಷ್ಟು ಘನ ಕಿಮೀ ಇದೆ ಅಂತ, ಲೆಕ್ಕ ಹಾಕಿ ಕೊಡುತ್ತದೆ. ಮಾದರಿ ಅಂದ ಕೂಡಲೇ ತಳ್ಳಿಹಾಕುವವರಿದ್ದಾರೆ. ಅದು ಅನ್ಯಾಯ. ಜಲಾಂತರ್ಗಾಮಿ, ಲಂಗರು ಹಾಕಿದ ಸೋನಾರ್, ವಿಮಾನ, ಉಪಗ್ರಹ ಎಲ್ಲದರ ಜೊತೆ ತಾಳೆ ನೋಡಿ, ಅಕ್ಟೋಬರ್‌ನ ಗಾತ್ರದಲ್ಲಿ ಸುಮಾರು 1,350 ಘನ ಕಿಮೀ ಆಚೆ ಈಚೆ ಆಗಬಹುದು ಅಂತ 2011ರಲ್ಲೇ ಅವರು ಬರೆದಿದ್ದಾರೆ. ತೆಳು ಗಡ್ಡೆಯನ್ನು ಸ್ವಲ್ಪ ದಪ್ಪ, ದಪ್ಪ ಗಡ್ಡೆಯನ್ನು ಸ್ವಲ್ಪ ತೆಳು ಮಾಡಿ ತೋರಿಸುವ ಗುಣ ಅದಕ್ಕಿದೆ. ಇದೂ ಗುಟ್ಟಲ್ಲ. ಅವರ ಲೆಕ್ಕದಲ್ಲಿ 1979ರ ಸೆಪ್ಟೆಂಬರ್‌ನಲ್ಲಿ ಸುಮಾರು 16,900 ಘನ ಕಿಮೀ ಇದ್ದದ್ದು 2012ರ ಸೆಪ್ಟೆಂಬರ್‌ಗೆ ಸುಮಾರು 3,700 ಆಯಿತು. ಹರವು ಅರ್ಧವಾದ ಕಾಲದಲ್ಲಿ ಗಾತ್ರ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹೋಗಿದೆ. ಸಾವಿರ ಚಿಲ್ಲರೆ ಘನ ಕಿಮೀ ಆಚೆ ಈಚೆ ಆದರೂ ಒಟ್ಟು ಚಿತ್ರ ಬದಲಾಗುವುದಿಲ್ಲ.

ಈ ಗೆರೆಯನ್ನು ಕೆಳಗೆ ಉದ್ದಕ್ಕೆ ಎಳೆದು ಸೊನ್ನೆ ಮುಟ್ಟುವ ವರ್ಷ ಹೇಳಿದವರು ಮಾತ್ರ ಕೆಟ್ಟದಾಗಿ ಸೋತರು. ಕೇಂಬ್ರಿಜ್‌ನ ಮಂಜುಗಡ್ಡೆ ತಜ್ಞ ಪೀಟರ್ ವಾಡಮ್ಸ್ 2012ರಲ್ಲಿ ಇನ್ನು ನಾಲ್ಕು ವರ್ಷದೊಳಗೆ ಬೇಸಿಗೆಯ ಮಂಜುಗಡ್ಡೆ ಕುಸಿಯಬಹುದು ಅಂದರು. ಆಗಲಿಲ್ಲ. ಮುಂದಿನ ವರ್ಷವೇ, 2013ರಲ್ಲಿ, ಬೇಸಿಗೆ ತಂಪಾಗಿತ್ತು, ಶರತ್ಕಾಲದ ಗಾತ್ರ 2010–12ರ ಸರಾಸರಿಗಿಂತ ಶೇಕಡಾ 33 ಏರಿತು ಅಂತ ಕ್ರಯೋಸ್ಯಾಟ್ ಹೇಳಿತು. ಆ ಒಂದು ಭವಿಷ್ಯವನ್ನು ಇಟ್ಟುಕೊಂಡು ಇಡೀ ವಿಜ್ಞಾನವನ್ನು ಹಳಿಯುವ ಜನ ಇವತ್ತಿಗೂ ಇದ್ದಾರೆ. ತಪ್ಪು ಅಳತೆಯದ್ದಲ್ಲ, ಅಳತೆಗೆ ಗೊತ್ತಿಲ್ಲದ ಮಾತನ್ನು ಅದರ ಬಾಯಲ್ಲಿ ಹೇಳಿಸಿದ್ದು.

ಈಗ ಹೊಸ ಜಗಳ. 2007ರಿಂದ ಈಚೆಗೆ ಸೆಪ್ಟೆಂಬರ್ ಹರವು ಅಷ್ಟಾಗಿ ಇಳಿದಿಲ್ಲ, ಎಲ್ಲ ಸೇವೆಗಳೂ ಇದನ್ನೇ ತೋರಿಸುತ್ತವೆ. 2025ರ ಕನಿಷ್ಠ ಎನ್‌ಎಸ್‌ಐಡಿಸಿ ಲೆಕ್ಕದಲ್ಲಿ 46 ಲಕ್ಷ ಚದರ ಕಿಮೀ. ಕರಗುವುದು ನಿಂತಿತು ಅನ್ನುವವರು ಇಷ್ಟನ್ನೇ ಹೇಳುತ್ತಾರೆ. ಅದೇ ಗ್ರಾಫ್‌ನಲ್ಲಿ ಇನ್ನೂ ಎರಡು ವಿಷಯ ಇದೆ. 2007ರಿಂದ 2025ರವರೆಗಿನ 19 ಕನಿಷ್ಠಗಳೇ ಇಡೀ ದಾಖಲೆಯ ಅತಿ ಕಡಿಮೆ 19. 2025ರ ಮಾರ್ಚ್‌ನ ಗರಿಷ್ಠ 143.3 ಲಕ್ಷ, ಚಳಿಗಾಲದ ಮಟ್ಟಿಗೆ ಅಲ್ಲಿಯವರೆಗಿನ ದಾಖಲೆಯಲ್ಲೇ ಕಡಿಮೆ. ಸಹಜ ಏರಿಳಿತದಿಂದ ಕೆಲವು ವರ್ಷ ಇಳಿಕೆ ನಿಧಾನವಾಗಬಹುದು ಅಂತ ಹೇಳುವ ಸಂಶೋಧನೆ ಬಂದಿದೆ, ನನಗೆ ಅದು ಒಪ್ಪಿಗೆಯಾಗುತ್ತದೆ. ಒಂದು ವರ್ಷ ಮಾತ್ರ ತೋರಿಸುವ ಚಿತ್ರ ಯಾರಾದರೂ ಕಳಿಸಿದರೆ ಚಾರ್ಕ್ಟಿಕ್ ತೆರೆದು ಎಲ್ಲ ವರ್ಷವನ್ನೂ ಒತ್ತಿ ನೋಡಿ.

ಹಾಗಾದರೆ ಯಾರು ಏನು ತೆರೆಯಬೇಕು? ಶಾಲೆಯಲ್ಲಿ ಪಾಠ ಮಾಡುವವರು, ಪತ್ರಿಕೆಗೆ ಬರೆಯುವವರು ಎನ್‌ಎಸ್‌ಐಡಿಸಿ ಸಾಕು, ಜೊತೆಗೆ ಅವರ ತಿಂಗಳ ಟಿಪ್ಪಣಿ ಓದಿ, ಸರಳವಾಗಿ ಬರೆಯುತ್ತಾರೆ. ದಿನಾ ನೋಡುವ ಹುಚ್ಚು ಇರುವವರಿಗೆ ಜಾಕ್ಸಾ ಮತ್ತು ಬ್ರೆಮೆನ್. ದಪ್ಪಕ್ಕೆ ಚಳಿಗಾಲದಲ್ಲಿ ಆಲ್ಫ್ರೆಡ್ ವೆಗೆನರ್, ಉದ್ದದ ಕತೆಗೆ ಪಯೋಮಾಸ್. ಯಾವ ಅಂಕಿ ಬರೆದರೂ ಪಕ್ಕದಲ್ಲಿ ಸೇವೆಯ ಹೆಸರು, ದಿನಾಂಕ ಮತ್ತು ಅದು ದಿನದ್ದೋ ತಿಂಗಳ ಸರಾಸರಿಯೋ ಅನ್ನುವುದನ್ನು ಬರೆಯಿರಿ. ದಯವಿಟ್ಟು. ಯುರೋಪಿನವರು ಕ್ರಿಸ್ಟಲ್ ಅನ್ನುವ ಹೊಸ ಉಪಗ್ರಹ ತಯಾರು ಮಾಡುತ್ತಿದ್ದಾರೆ, ಕು ಮತ್ತು ಕಾ ಎರಡೂ ಬ್ಯಾಂಡ್ ಒಂದರಲ್ಲೇ ಇರುತ್ತವೆ, ಹಿಮ ಎಷ್ಟು ಗಡ್ಡೆ ಎಷ್ಟು ಅಂತ ಒಂದೇ ಸಲ ನೋಡಬಹುದು. ಅದು ಹೋಗಿ ಕೆಲಸ ಶುರು ಮಾಡುವವರೆಗೆ 2010ರಲ್ಲಿ ಹಾರಿದ ಕ್ರಯೋಸ್ಯಾಟ್-2 ಕೆಡದೆ ಉಳಿಯಬೇಕು. ಎರಡೂ ಒಂದಷ್ಟು ಕಾಲ ಒಟ್ಟಿಗೆ ಹಾರಿದರೆ ಮಾತ್ರ ಹಳೆಯ ಅಂಕಿಯೂ ಹೊಸ ಅಂಕಿಯೂ ಒಂದೇ ಗೆರೆಗೆ ಸೇರುತ್ತವೆ.